ಶೇ 2ರ ಅಂತರವನ್ನು ‘ಮುನ್ನಡೆ’ ಎನ್ನಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಮತದಾರರ ಸಮೀಕ್ಷೆಯ ಸುದ್ದಿಗೆ ‘ಶೇ 2ರಷ್ಟು ಮುನ್ನಡೆ’ ಎಂಬ ತಲೆಬರಹ ಕಾಣುತ್ತದೆ. ಆ ಸಮೀಕ್ಷೆ ಯಾವ ರಾಜ್ಯದ್ದು, ಎಷ್ಟು ಜನರನ್ನು ಕೇಳಿ ತೆಗೆದದ್ದು ಎಂಬ ವಿವರವೇ ಇರುವುದಿಲ್ಲ.

ಅಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು ಹಂಚಿಕೆಯಾದ 538 ಎಲೆಕ್ಟರ್‌ಗಳು (ಪ್ರತಿನಿಧಿಗಳು); ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ, ಒಂದು ಮತ ಹೆಚ್ಚು ಬಂದವರಿಗೇ ಆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು. 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಆದರೆ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ರಾಜ್ಯಗಳು ಕೈತಪ್ಪಿ, ಟ್ರಂಪ್ ಎದುರು ಸೋತರು. ಮೂರೂ ಕಡೆಯ ಅಂತರ ಕೂಡಿದರೂ ಸುಮಾರು 78 ಸಾವಿರ ಮತ, ಅಷ್ಟೆ. ಹೀಗಾಗಿ ಇಡೀ ದೇಶದ ಸರಾಸರಿಯೊಂದನ್ನೇ ಅಚ್ಚು ಹಾಕಿದರೆ ಓದುಗರು ದಾರಿ ತಪ್ಪುತ್ತಾರೆ.

ರಾಜ್ಯ ಸಮೀಕ್ಷೆಯಲ್ಲೂ ಎಚ್ಚರ ಬೇಕು. 800 ಜನರನ್ನು ಕೇಳಿದರೆ ದೋಷದ ಮಿತಿ, ಅಂದರೆ ನಿಜವಾದ ಅಂಕಿ ಹೆಚ್ಚುಕಡಿಮೆಯಾಗಬಹುದಾದ ವ್ಯಾಪ್ತಿ, ಸುಮಾರು 3.5 ಶೇಕಡಾ ಅಂಶ. ಒಬ್ಬ ಅಭ್ಯರ್ಥಿಗೆ ಶೇ 48, ಇನ್ನೊಬ್ಬರಿಗೆ ಶೇ 46 ಬಂದಿದ್ದರೆ ಈ ಮಿತಿ ಇಬ್ಬರ ಅಂಕಿಗೂ ಬೇರೆಬೇರೆಯಾಗಿ ಅನ್ವಯಿಸುತ್ತದೆ. ಇಬ್ಬರ ನಡುವಿನ ಅಂತರಕ್ಕೆ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಅಂದರೆ ಆ ಎರಡು ಅಂಶಗಳಿಂದ ಯಾರು ಮುಂದಿದ್ದಾರೆಂದು ಹೇಳಲು ಆಗುವುದೇ ಇಲ್ಲ.

ಇನ್ನು ಯಾರು ಉತ್ತರ ಕೊಡುತ್ತಾರೆ ಎಂಬ ತೊಡಕು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಪದವೀಧರರು ಸಮೀಕ್ಷೆಗಳಿಗೆ ಹೆಚ್ಚು ಉತ್ತರಿಸುತ್ತಾರೆ. 2016ರಲ್ಲಿ ಅನೇಕ ರಾಜ್ಯ ಸಮೀಕ್ಷೆಗಳು ಶಿಕ್ಷಣದ ಮಟ್ಟಕ್ಕೆ ತಕ್ಕಂತೆ ಅಂಕಿಗಳನ್ನು ಸರಿದೂಗಿಸಿರಲಿಲ್ಲ, ಕ್ಲಿಂಟನ್ ಬಲ ಉಬ್ಬಿ ಕಂಡಿತು. 2020ರಲ್ಲಿ ಬಹುಪಾಲು ಸಂಸ್ಥೆಗಳು ಅದನ್ನು ತಿದ್ದಿಕೊಂಡವು, ಆದರೂ ಬೈಡನ್ ಪರವಾದ ತಪ್ಪು ಇನ್ನೂ ದೊಡ್ಡದಾಯಿತು. ಕೇಳುವವರ ಸಂಖ್ಯೆ ಹೆಚ್ಚಿಸಿದರೂ ಈ ದೋಷ ನೀಗದು. 1936ರಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು ಅಧ್ಯಕ್ಷೀಯ ಅಭ್ಯರ್ಥಿ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆಂದಿತು. ಆದರೆ ಅವರ ಎದುರಾಳಿ ರೂಸ್‌ವೆಲ್ಟ್ ಆಗಿದ್ದ 48 ರಾಜ್ಯಗಳಲ್ಲಿ 46 ಗೆದ್ದರು.

ಇಂಥ ತಪ್ಪು ಒಂದೇ ರಾಜ್ಯಕ್ಕೆ ನಿಲ್ಲುವುದೂ ಇಲ್ಲ. ಒಂದೇ ಬಗೆಯ ಮತದಾರರಿರುವ ಕಡೆಯೆಲ್ಲ ಒಂದೇ ದಿಕ್ಕಿಗೆ ವಾಲುತ್ತದೆ. 2024ರಲ್ಲಿ ಏಳು ನಿರ್ಣಾಯಕ ರಾಜ್ಯಗಳಲ್ಲಿ ಸಮೀಕ್ಷೆಗಳು ಹೆಚ್ಚುಕಡಿಮೆ ಸಮಬಲ ತೋರಿಸುತ್ತಿದ್ದವು. ಕೊನೆಗೆ ಏಳೂ ರಾಜ್ಯಗಳ 93 ಎಲೆಕ್ಟರ್‌ಗಳು ಟ್ರಂಪ್ ಪಾಲಾದರು.

ಸಮೀಕ್ಷೆ ನಡೆದ ದಿನಾಂಕ, ಕೇಳಿದವರ ಸಂಖ್ಯೆ, ಅವರು ನೋಂದಾಯಿತ ಮತದಾರರೋ ಮತ ಹಾಕುವ ಸಂಭವವಿರುವವರೋ, ಹಣ ಕೊಟ್ಟವರು ಯಾರು, ದೋಷದ ಮಿತಿ ಎಷ್ಟು: ಇಷ್ಟನ್ನು ಸುದ್ದಿಯ ಜತೆಗೇ ಕೊಡಿ. ಜಾಗ ಸಾಲದಿದ್ದರೆ, ಇಂಥ ಅಂಕಿಗಳ ಮೇಲೆ ‘ಮುನ್ನಡೆ’ ತೆಗೆದು ‘ಸಮಬಲ’ ಎಂದಾದರೂ ಹಾಕಿ.

– ಓರ್ವ ಓದುಗ