ಜ್ವರಕ್ಕೆ ಕೋವಿಯ ಕಾವಲು

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಯುದ್ಧ, ಅಣ್ವಸ್ತ್ರ, ಗಡಿ ತಂಟೆಗಳನ್ನು ಸಾಂಪ್ರದಾಯಿಕ ಬೆದರಿಕೆಗಳೆಂದೂ, ರೋಗ, ಹಸಿವು, ಹವಾಮಾನ ಬದಲಾವಣೆ, ಸೈಬರ್ ದಾಳಿಗಳನ್ನು ಅಸಾಂಪ್ರದಾಯಿಕ ಬೆದರಿಕೆಗಳೆಂದೂ ನೀನು ಎರಡು ಕಂಬಸಾಲಿನಲ್ಲಿ ಬರೆದಿಟ್ಟುಕೊಂಡಿದ್ದೀಯೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ನಡುವೆ ಎಳೆದಿರುವ ಆ ಗೆರೆಯ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ.

ಭದ್ರತೆಯೆಂದರೆ ದೇಶದ ಭದ್ರತೆ ಎಂಬುದೇ ಬಹುಕಾಲದ ರೂಢಿಯಾಗಿತ್ತು. ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ ರೂಪುಗೊಂಡ ವಿಶ್ವಸಂಸ್ಥೆಯ 1994ರ ಮಾನವ ಅಭಿವೃದ್ಧಿ ವರದಿಯು ಆ ಮಾತನ್ನು ಮನುಷ್ಯನ ಕಡೆಗೆ ತಿರುಗಿಸಿ, ಅನ್ನ, ಆರೋಗ್ಯ, ದುಡಿಮೆ, ಪರಿಸರ ಮೊದಲಾಗಿ ಏಳು ಬಗೆಯ ಭದ್ರತೆಗಳನ್ನು ಹೆಸರಿಸಿತು. ಎಲ್ಲವನ್ನೂ ಭದ್ರತೆಯೆಂದು ಕರೆದರೆ ಆ ಪದಕ್ಕೆ ಅರ್ಥವೇ ಉಳಿಯದು ಎಂದು ಆಕ್ಷೇಪಿಸಿದವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ನಾನೂ ಒಪ್ಪುತ್ತೇನೆ.

ಗೆರೆ ಹೇಗೆ ಅಳಿಸಿಹೋಗುತ್ತದೆಂದು ನೋಡು. 2017ರ ಮೇ 12ರಂದು ಕಂಪ್ಯೂಟರಿನ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದಾಗ ಇಂಗ್ಲೆಂಡಿನ ಆಸ್ಪತ್ರೆಗಳ ಕಂಪ್ಯೂಟರ್ ಪರದೆಗಳ ಮೇಲೆ ಮುನ್ನೂರು ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳುವ ಕೆಂಪು ಚೌಕವೊಂದು ಮೂಡಿತು. ವೈದ್ಯರು ಕಾಗದ ಪೆನ್ನು ಹಿಡಿದರು, ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು, ಆಂಬ್ಯುಲೆನ್ಸ್‌ಗಳು ಬೇರೆ ಆಸ್ಪತ್ರೆಗಳತ್ತ ತಿರುಗಿದವು. ಆ ಕುತಂತ್ರಾಂಶ ಒಳನುಗ್ಗಲು ಬಳಸಿದ ಕಳ್ಳದಾರಿಯಾದರೂ ಯಾವುದು? ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ತನ್ನ ಬೇಹುಗಾರಿಕೆಗೆಂದು ಸಿದ್ಧಪಡಿಸಿಕೊಂಡಿದ್ದು, ಅದೇ ವರ್ಷದ ಏಪ್ರಿಲ್‌ನಲ್ಲಿ ಸೋರಿಕೆಯಾದ ಸಾಧನ ಅದು. ದೇಶ ಕಾಯಲೆಂದು ಮಸೆದಿಟ್ಟ ಕತ್ತಿ ರೋಗಿಯ ಹಾಸಿಗೆಯ ಬಳಿಗೆ ಬಂದು ನಿಂತಿತ್ತು. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧ ಆರಂಭವಾಗಿ ಗೋಧಿ ಸಾಗುತ್ತಿದ್ದ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದಾಗಲೂ ಹಾಗೆಯೇ: ಸಿಡಿಗುಂಡಿನ ಸದ್ದೇ ಕೇಳದ ದೇಶಗಳಲ್ಲಿ ಹಿಟ್ಟಿನ ಬೆಲೆ ಏರಿತು.

ಇನ್ನು ಆ ಆಕ್ಷೇಪದ ಅರ್ಧ ಸತ್ಯದ ಮಾತು. ಯಾವುದನ್ನಾದರೂ ಭದ್ರತೆಯ ಪ್ರಶ್ನೆಯೆಂದ ಕೂಡಲೇ ಸರ್ಕಾರಗಳ ಕೈ ತಾನಾಗಿ ಕೋವಿಯತ್ತ ಹೋಗುತ್ತದೆ. 2014ರ ಆಗಸ್ಟ್‌ನಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾ ಸರ್ಕಾರವು ಎಬೋಲಾ ಎಂಬ ಮಾರಕ ಸಾಂಕ್ರಾಮಿಕ ಜ್ವರಕ್ಕೆ ಹೆದರಿ, ರಾಜಧಾನಿ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಎಂಬ ಕಿಕ್ಕಿರಿದ ಕೊಳೆಗೇರಿಯನ್ನು ರಾತ್ರೋರಾತ್ರಿ ಸೈನಿಕರಿಂದ ಸುತ್ತುವರಿಸಿತು. ಬೆಳಿಗ್ಗೆ ಎದ್ದವರ ಎದುರಿಗೆ ಮುಳ್ಳುತಂತಿ. ಜನ ತಳ್ಳಾಡಿದರು, ಗುಂಡು ಹಾರಿತು, ಕಾಲಿಗೆ ಪೆಟ್ಟುಬಿದ್ದ ಹದಿಹರೆಯದ ಹುಡುಗನೊಬ್ಬ ಸತ್ತ. ಅವನ ಸಾವನ್ನು ನೀನು ಯಾವ ಕಂಬಸಾಲಿಗೆ ಸೇರಿಸುತ್ತೀಯೆ? ಹತ್ತೇ ದಿನಗಳಲ್ಲಿ ದಿಗ್ಬಂಧನವನ್ನು ತೆರವುಗೊಳಿಸಬೇಕಾಯಿತು.

ಮರುತಿಂಗಳು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2177ನೇ ನಿರ್ಣಯದಲ್ಲಿ ಎಬೋಲಾವನ್ನು ಅಂತರರಾಷ್ಟ್ರೀಯ ಶಾಂತಿ ಮತ್ತು ಭದ್ರತೆಗೆ ಬಂದ ಬೆದರಿಕೆಯೆಂದು ಘೋಷಿಸಿತು. ಅದರಿಂದ ಹಣವೂ ನೆರವೂ ಹರಿದುಬಂದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರೋಗವನ್ನು ಕಟ್ಟಿಹಾಕಲು ಅಷ್ಟೇ ಸಾಲಲಿಲ್ಲ. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕಿಕೊಂಡು ಮನೆಮನೆ ತಿರುಗಿದ ಸ್ಥಳೀಯರು ಬೇಕಾದರು, ಮನೆಯವರು ದೂರದಲ್ಲಿ ನಿಂತು ಪ್ರಾರ್ಥಿಸುವಷ್ಟು ಹೊತ್ತು ಕಾದು ಆಮೇಲೆ ಮಣ್ಣು ಮಾಡಿದ ಶವಸಂಸ್ಕಾರದ ತಂಡಗಳು ಬೇಕಾದವು.

ಇಂತಿ ನಿನ್ನ ಗೆಳೆಯ