ಸೂರ್ಯ ಮುಳುಗದ ಊರಲ್ಲಿ ತಿಥಿ ಯಾವತ್ತು?

ಗೆಳೆಯಾ,

ಬೈಕ್ ಸವಾರಿಯ ಅಷ್ಟೊಂದು ಫೋಟೋ ಹಾಕಿದ್ದಕ್ಕೆ ನೀನು ಕಳಿಸಿದ್ದು ಒಂದೇ ಸಾಲು: 'ಎಮ್ಮೆ ಅಡ್ಡ ಬರಲಿಲ್ವಾ?' ಇಲ್ಲ ಮಾರಾಯ. ನರಿ ಬಂತು, ಮೊಲ ಬಂತು, ಒಂದು ಕರಡಿ ದೂರದಲ್ಲಿ ಬೆನ್ನು ತೋರಿಸಿಕೊಂಡು ಹೋಯಿತು. ಎಮ್ಮೆ ಮಾತ್ರ ಇಲ್ಲ. (ಉಳಿದವರು ಏನು ಎಮ್ಮೆ ಅಂತ ಕೇಳಬೇಡಿ. ಬಿಸಿಲೆ ಘಾಟಿಯ ಮಾತು ಘಾಟಿಯಲ್ಲೇ ಇರಲಿ.)

ಎಡ್ಮಂಟನ್‌ನಿಂದ ಟಕ್ಟೊಯಾಕ್ಟಕ್‌ಗೆ ಸುಮಾರು 3,400 ಕಿಲೋಮೀಟರ್. ಅಲ್ಲಿಗೆ ಕೆನಡಾದ ರಸ್ತೆ ಮುಗಿದು ಆರ್ಕ್ಟಿಕ್ ಸಮುದ್ರ ಶುರು. ಅಲಾಸ್ಕಾ ಹೆದ್ದಾರಿಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಕಾಡು, ಕಾಡು, ಪೆಟ್ರೋಲ್, ಕಾಡು. ನಿಜವಾದ ಸವಾರಿ ಡಾಸನ್ ಸಿಟಿಗೆ ಸ್ವಲ್ಪ ಮುಂಚೆ ಡೆಂಪ್‌ಸ್ಟರ್ ಹೆದ್ದಾರಿಗೆ ತಿರುಗಿದ ಮೇಲೆ. ಹೆದ್ದಾರಿ ಅನ್ನುವುದು ಅದರ ಹೆಸರಲ್ಲಿ ಮಾತ್ರ. ಇನುವಿಕ್ ತನಕ ಸುಮಾರು 740 ಕಿಲೋಮೀಟರ್, ಬಹುಪಾಲು ಜಲ್ಲಿ. ಮೊದಲ 369 ಕಿಲೋಮೀಟರ್ ಒಂದು ಬಂಕ್ ಇಲ್ಲ, ಒಂದು ಟೀ ಅಂಗಡಿ ಇಲ್ಲ. ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಅದು ಕರಗಿದರೆ ರಸ್ತೆಯೇ ಕುಸಿಯುತ್ತದೆ. ಅದಕ್ಕೇ ಆಳೆತ್ತರ ಜಲ್ಲಿ ಸುರಿದು, ನೆಲಕ್ಕೆ ಕಂಬಳಿ ಹೊದಿಸಿದ ಹಾಗೆ ಮಾಡಿ, ಅದರ ಮೇಲೆ ನಮ್ಮನ್ನು ಬಿಟ್ಟಿದ್ದಾರೆ.

ಧೂಳು ಏಳದಿರಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತಾರೆ. ಒಣಗಿದ್ದಾಗ ರಸ್ತೆ ಸಿಮೆಂಟು. ಮಳೆ ಬಂದರೆ ರಾಗಿ ಅಂಬಲಿ. ಒಗಿಲ್ವಿ ಬೆಟ್ಟಗಳ ಹತ್ತಿರ ಅಂಬಲಿಯಲ್ಲಿ ನಿಧಾನಕ್ಕೆ, ಬಹಳ ಮರ್ಯಾದೆಯಿಂದ ಮಲಗಿಬಿಟ್ಟೆ. ನನ್ನ ಸೆಕೆಂಡ್ ಹ್ಯಾಂಡ್ ಕೆಎಲ್ಆರ್ ಬೈಕ್ ಎತ್ತಲು ಮೂರು ಸಲ ನೋಡಿದೆ, ಆಗಲಿಲ್ಲ. ಅರ್ಧ ಗಂಟೆ ಬಿಟ್ಟು ಒಬ್ಬ ಲಾರಿ ಡ್ರೈವರ್ ಬಂದು ಎತ್ತಿಕೊಟ್ಟ. ನೀನಿದ್ದಿದ್ದರೆ ಮೊದಲು ಫೋಟೋ ತೆಗೆಯುತ್ತಿದ್ದೆ.

ಈ ರಸ್ತೆಗೆ ಹೆಸರು ಕೊಟ್ಟ ಡೆಂಪ್‌ಸ್ಟರ್ ಅನ್ನುವವನು ಪೊಲೀಸಿನವನು. 1910ರ ಡಿಸೆಂಬರ್‌ನಲ್ಲಿ ನಾಲ್ಕು ಜನ ಫೋರ್ಟ್ ಮ್ಯಾಕ್‌ಫರ್ಸನ್‌ನಿಂದ ಟಪಾಲು ಹೊತ್ತು, ನಾಯಿಬಂಡಿ ಕಟ್ಟಿಕೊಂಡು ಡಾಸನ್ ಕಡೆ ಹೊರಟರು. ಫಿಟ್ಜ್‌ಜೆರಾಲ್ಡ್ ನಾಯಕ. ದಾರಿ ತೋರಿಸಲು ಬಂದಿದ್ದ ಸ್ಥಳೀಯ ಗ್ವಿಚಿನ್ ಜನಾಂಗದವನನ್ನು ನಡುವೆಯೇ ವಾಪಸ್ ಕಳಿಸಿದರು. ಯಾಕಂದರೆ ತಂಡದಲ್ಲಿದ್ದ ಕಾರ್ಟರ್, ದಾರಿ ನನಗೆ ಗೊತ್ತು ಅಂದಿದ್ದ. ಅವನು ಆ ದಾರಿಯಲ್ಲಿ ಹೋಗಿದ್ದು ಒಂದೇ ಸಲ, ಅದೂ ಆ ಕಡೆಯಿಂದ ಈ ಕಡೆಗೆ. ತಿರುಗಬೇಕಾದ ಹಳ್ಳವೇ ಸಿಗಲಿಲ್ಲ. ದಿನಗಟ್ಟಲೆ ಹುಡುಕಿದರು. ವಾಪಸ್ ಹೊರಟಾಗ ಊಟ ಮುಗಿಯುತ್ತಾ ಬಂದಿತ್ತು, ನಾಯಿಗಳನ್ನೇ ತಿಂದರು. 1911ರ ಮಾರ್ಚ್‌ನಲ್ಲಿ ಡೆಂಪ್‌ಸ್ಟರ್ ಹುಡುಕಿಕೊಂಡು ಬಂದಾಗ ನಾಲ್ವರೂ ಹೆಣ. ಕೊನೆಯ ಇಬ್ಬರು ಹೊರಟ ಊರಿಗೆ 40 ಕಿಲೋಮೀಟರ್ ಹತ್ತಿರ ಬಂದಿದ್ದರು.

ಅವರ ಸಮಾಧಿ ಫೋರ್ಟ್ ಮ್ಯಾಕ್‌ಫರ್ಸನ್‌ನ ಚರ್ಚಿನ ಅಂಗಳದಲ್ಲಿದೆ. ಪೀಲ್ ನದಿಯನ್ನು ಫೆರಿಯಲ್ಲಿ ದಾಟಿ, ಸೊಳ್ಳೆಗಳನ್ನು ಓಡಿಸುತ್ತಾ ಹೋಗಿ ನಿಂತೆ. ಮೊದಲು ನಗು ಬಂತು. 'ದಾರಿ ಗೊತ್ತು ಬಾ' ಅಂದ ಕಾರ್ಟರ್‌ನಲ್ಲಿ ನೀನೇ ಕಂಡೆ. ಆಮೇಲೆ ನಗು ನಿಂತುಹೋಯಿತು. ಕಾರ್ಟರ್‌ಗೆ ದಾರಿ ಮರೆತಿತ್ತು. ನನಗೆ ಮರೆತಿರಲಿಲ್ಲ ಕಣೋ.

ಹೇಳಿಬಿಡುತ್ತೇನೆ. ಅಪ್ಪನ ವರ್ಷದ ತಿಥಿಗೆ ರಜೆ ಸಿಗಲಿಲ್ಲ ಅಂದೆನಲ್ಲ, ಸುಳ್ಳು. ರಜೆ ಸಿಕ್ಕಿತ್ತು. ಇದೇ ರಜೆ ಅದು. ಟಿಕೆಟ್ ಕೂಡ ನೋಡಿದ್ದೆ. ಆದರೆ ಗೇಟು ತೆಗೆದ ಸದ್ದಿಗೆ ಜಗಲಿಯಿಂದ 'ಬಸ್ ಲೇಟಾ?' ಅಂತ ಯಾರೂ ಕೇಳುವುದಿಲ್ಲ ಅನ್ನುವುದು ನೆನಪಾಯಿತು. ವಿಮಾನದಲ್ಲಿ ಬಂದರೂ ಅದನ್ನೇ ಕೇಳುತ್ತಿದ್ದರಲ್ಲ. ಆ ಜಗಲಿ ನೋಡುವ ಧೈರ್ಯ ಬರಲಿಲ್ಲ. ಊರಿಗೆ ವಿರುದ್ಧ ದಿಕ್ಕಿನಲ್ಲಿ ಎಷ್ಟು ದೂರ ರಸ್ತೆ ಇದೆ ಅಂತ ಮ್ಯಾಪಿನಲ್ಲಿ ನೋಡಿದೆ. ಗಾಡಿ ತೆಗೆದೆ. ಪುರೋಹಿತರನ್ನು ಕರೆತಂದವನು ನೀನು. ಅಮ್ಮನ ಜೊತೆ ಕೂತವನು ನೀನು. ನಾನು ಇಲ್ಲಿ ಚೈನಿಗೆ ಎಣ್ಣೆ ಹಾಕುತ್ತಿದ್ದೆ.

ಟಕ್ಟೊಯಾಕ್ಟಕ್ ಮುಟ್ಟಿದಾಗ ರಾತ್ರಿ ಹನ್ನೊಂದೂವರೆ, ಮೈಮೇಲೆ ಬಿಸಿಲು. 2017ಕ್ಕೆ ಮುಂಚೆ ಬೇಸಿಗೆಯಲ್ಲಿ ಈ ಊರಿಗೆ ರಸ್ತೆಯೇ ಇರಲಿಲ್ಲ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಬರಬೇಕಿತ್ತು. ನಾನು ಮುಟ್ಟಿದ ಹೊತ್ತಿಗೆ ನಿಮ್ಮಲ್ಲಿ ಮರುದಿನ ಬೆಳಿಗ್ಗೆ ಹನ್ನೊಂದು. ನೀನು ಬಾಳೆಲೆ ತೊಳೆಯುತ್ತಿದ್ದಿರಬೇಕು. ನನಗೋ ಒಂದು ತರಲೆ ಪ್ರಶ್ನೆ. ನಮ್ಮ ಪಂಚಾಂಗದಲ್ಲಿ ದಿನ ಶುರುವಾಗುವುದೇ ಸೂರ್ಯೋದಯಕ್ಕೆ. ಇಲ್ಲಿ ಸೂರ್ಯ ವಾರಗಟ್ಟಲೆ ಮುಳುಗುವುದೇ ಇಲ್ಲ. ಹಾಗಾದರೆ ಇಲ್ಲಿ ತಿಥಿ ಯಾವತ್ತು? ಜೋಕು ಅಂದುಕೊಂಡೇ ಕೇಳಿಕೊಂಡೆ. ಉತ್ತರ ಹೊಳೆಯಲಿಲ್ಲ, ಅಳು ಬಂತು. ಕತ್ತಲಾಗಿದ್ದರೆ ಸುಮ್ನೆ ಮಲಗಿಬಿಡಬಹುದಿತ್ತು.

ಬೂಟು ಬಿಚ್ಚಿ ನೀರಿಗಿಳಿದೆ. ಚಳಿ ಮೊಣಕಾಲಿನ ತನಕ ಕಚ್ಚಿತು. ತರ್ಪಣ ಬಿಡೋಣ ಅಂದರೆ ಎಳ್ಳಿಲ್ಲ. ಬ್ಯಾಗ್ ಹುಡುಕಿದರೆ ಅಮ್ಮ ಕಳಿಸಿದ್ದ ಹುಚ್ಚೆಳ್ಳು ಚಟ್ನಿಪುಡಿ ಸಿಕ್ಕಿತು. ಹುಚ್ಚೆಳ್ಳೂ ಎಳ್ಳೇ ಅಲ್ವಾ? ಮೂರು ಸಲ ಬಿಟ್ಟೆ. ಬೆಳ್ಳುಳ್ಳಿ ಹಾಕಿದ್ದು ಅಂತ ಆಮೇಲೆ ನೆನಪಾಯಿತು. ಅಪ್ಪನಿಗೆ ಬೆಳ್ಳುಳ್ಳಿ ಇಷ್ಟ, ಬೇಜಾರು ಮಾಡಿಕೊಂಡಿರಲಾರರು. ಪಕ್ಕದಲ್ಲಿ ಕಾಲು ಅದ್ದುತ್ತಿದ್ದ ಜರ್ಮನ್ ಅಜ್ಜ ಇದೇನು ಅಂತ ಕೇಳಿದ. 'ಊಟ' ಅಂದೆ. ಉಳಿದದ್ದನ್ನು ಬ್ರೆಡ್ಡಿಗೆ ಹಚ್ಚಿ ಇಬ್ಬರೂ ತಿಂದೆವು. ಅವನ ಕಣ್ಣಲ್ಲೂ ನೀರು, ಖಾರಕ್ಕೆ.

ಇಷ್ಟು ಬರೆಯುವ ಯೋಚನೆ ಇರಲಿಲ್ಲ. ಟೈರಿನ ಬಗ್ಗೆ ಬರೆಯೋಣ ಅಂತ ಕೂತವನು. ಹಿಂದಿನ ಟೈರು ಪೂರ್ತಿ ಸವೆದಿದೆ, ಹತ್ತಿರ ಹತ್ತಿರ ನಿನ್ನ ನೆತ್ತಿಯಷ್ಟು.

ಅಮ್ಮ ಫೇಸ್‌ಬುಕ್ ನೋಡುವುದಿಲ್ಲ, ಆದರೆ ಅತ್ತೆ ನೋಡುತ್ತಾರೆ. ಅತ್ತೆ, ನಮಸ್ಕಾರ, ಇದೆಲ್ಲ ಕಥೆ. ನೀನು ಬೈಯುವುದಿದ್ದರೆ ಫೋನ್ ಮಾಡು, ಎಲ್ಲರೆದುರು ಬೇಡ. ಬಾಳೆಲೆ, ಹೂವು, ಪುರೋಹಿತರ ಆಟೋ ಎಲ್ಲ ಸೇರಿ ಎಷ್ಟಾಯಿತು ಹೇಳು. ಎಮ್ಮೆಯ ಬಾಕಿ ಕಳೆದು ಕಳಿಸುತ್ತೇನೆ.

ಇಂತಿ,
ದಾರಿ ಗೊತ್ತಿರುವವನು