ಟಿ ಕೋಶದ ಅಪ್ಪಣೆ

ಚಿ. ತಂಗಿಗೆ ಅಣ್ಣನ ಆಶೀರ್ವಾದಗಳು. ನಾನಿಲ್ಲಿ ಕ್ಷೇಮ.

ಸಹಾಯಕ ಟಿ ಕೋಶ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ) ರೋಗಾಣುವನ್ನು ತಾನು ಕೊಲ್ಲದಿದ್ದರೂ ಅದಿಲ್ಲದೆ ಎಲ್ಲ ಯಾಕೆ ಕೆಡುತ್ತದೆ ಅಂತ ಕೇಳಿದ್ದೀಯಲ್ಲ. ಬೇರೆ ಕೋಶಗಳು ಪೂರ್ತಿ ಕೆಲಸಕ್ಕಿಳಿಯಲು ಅದರ ಅಪ್ಪಣೆ ಬೇಕು. ಆ ಅಪ್ಪಣೆ ಸುಲಭಕ್ಕೆ ಸಿಗುವುದಿಲ್ಲ.

ಡೆಂಡ್ರೈಟಿಕ್ ಕೋಶ ಎಂಬ ಕಾವಲು ಕೋಶ ರೋಗಾಣುವನ್ನು ನುಂಗಿ, ಅದರ ಪ್ರೋಟೀನಿನ 13ರಿಂದ 25 ಅಮೈನೋ ಆಮ್ಲದಷ್ಟು ಉದ್ದದ ಚೂರನ್ನು ತನ್ನ ಮೈಮೇಲೆ ಹೊತ್ತು ದುಗ್ಧಗ್ರಂಥಿಗೆ (ಲಿಂಫ್ ನೋಡ್) ಬರುತ್ತದೆ. ಆ ಚೂರು ತಕ್ಕ ಟಿ ಕೋಶಕ್ಕೆ ಹೊಂದಿದರೆ ಅದು ಮೊದಲ ಸಂಕೇತ. ಜೊತೆಗೆ ಡೆಂಡ್ರೈಟಿಕ್ ಕೋಶದ ಮೈಮೇಲಿನ ಬಿ7 ಎಂಬ ಪ್ರೋಟೀನ್, ಟಿ ಕೋಶದ ಸಿಡಿ28 ಎಂಬ ಪ್ರೋಟೀನಿಗೆ ತಗುಲಬೇಕು; ಅದು ಎರಡನೆಯ ಸಂಕೇತ. ಅಪಾಯದ ಸುಳಿವು ಸಿಕ್ಕಾಗಲೇ ಬಿ7 ಹೆಚ್ಚುವುದು. ಈ ಎರಡನೆಯದು ಬಾರದಿದ್ದರೆ ಟಿ ಕೋಶ ಜಡವಾಗುತ್ತದೆ. ನಮ್ಮದೇ ಪ್ರೋಟೀನಿನ ಮೇಲೆ ಅದು ಎರಗದಿರಲು ಇದೂ ಒಂದು ಕಾರಣ.

ಮುಂದೆ ಸುತ್ತಲಿನ ರಾಸಾಯನಿಕ ಯಾವುದೋ ಅದರಂತೆ ಕೆಲಸ. ಐಎಲ್-12 ಎಂಬ ಸಂದೇಶ ರಾಸಾಯನಿಕ ಇದ್ದರೆ ಟಿ ಕೋಶ ಟಿಎಚ್1 ಎಂಬ ಬಗೆಯದಾಗಿ, ರೋಗಾಣು ನುಂಗುವ ಮ್ಯಾಕ್ರೋಫೇಜ್ ಕೋಶವನ್ನು ಹುರಿದುಂಬಿಸುತ್ತದೆ, ಐಎಲ್-4 ಇದ್ದರೆ ಟಿಎಚ್2 ಆಗಿ ಪರಾವಲಂಬಿ ಹುಳುಗಳ ವಿರುದ್ಧ ಕೆಲಸ ಮಾಡುತ್ತದೆ (ಅಲರ್ಜಿಗೂ ಇದೇ ದಾರಿ).

ನನಗೆ ಎಲ್ಲಕ್ಕಿಂತ ಚಂದ ಕಾಣುವುದು ಹಿಬ್ (ಮಕ್ಕಳಲ್ಲಿ ಮೆದುಳುಪೊರೆಯ ಉರಿಯೂತ ತರುವ ಒಂದು ಬ್ಯಾಕ್ಟೀರಿಯಾ) ಲಸಿಕೆಯ ಉಪಾಯ. ಆ ಬ್ಯಾಕ್ಟೀರಿಯಾದ ಹೊರಕವಚ ಸಕ್ಕರೆಯ ಸರಪಳಿ. ಸಹಾಯಕ ಟಿ ಕೋಶ ಗುರುತಿಸುವುದು ಪ್ರೋಟೀನಿನ ಚೂರನ್ನು. ಹಾಗಾಗಿ ಬರೀ ಸಕ್ಕರೆ ಕೊಟ್ಟರೆ ಎಳೆಯ ಮಕ್ಕಳಲ್ಲಿ ಸರಿಯಾದ ರಕ್ಷಣೆ ಹುಟ್ಟುವುದಿಲ್ಲ. ಅದಕ್ಕೇ ಸಕ್ಕರೆಯನ್ನು, ಅಪಾಯ ಕಳೆದ ಟೆಟನಸ್ ವಿಷವಾದ ಟೆಟನಸ್ ಟಾಕ್ಸಾಯ್ಡ್‌ನಂಥ ಪ್ರೋಟೀನಿಗೆ ಕಟ್ಟುತ್ತಾರೆ. ಸಕ್ಕರೆ ಹಿಡಿದ ಬಿ ಕೋಶ (ಪ್ರತಿಕಾಯ ತಯಾರಿಸುವ ಕೋಶ) ಎರಡನ್ನೂ ಒಟ್ಟಿಗೆ ನುಂಗಿ, ಪ್ರೋಟೀನಿನ ಚೂರನ್ನು ಟಿ ಕೋಶಕ್ಕೆ ತೋರಿಸುತ್ತದೆ. ಟಿ ಕೋಶ ತನ್ನ ಮೈಮೇಲಿನ ಸಿಡಿ40 ಲಿಗ್ಯಾಂಡ್ ಎಂಬ ಪ್ರೋಟೀನ್ ಚಾಚಿ, ಐಎಲ್-21 ಎಂಬ ಸಂದೇಶ ರಾಸಾಯನಿಕ ಸುರಿಸಿ ಒಪ್ಪಿಗೆ ಕೊಡುತ್ತದೆ. ಆ ಬಿ ಕೋಶದಿಂದ ಹುಟ್ಟುವ ಪ್ರತಿಕಾಯ ಮಾತ್ರ ಸಕ್ಕರೆಯ ವಿರುದ್ಧದ್ದು! ಸುಮ್ಮನೆ ಬೆರೆಸಿದರೆ ಆಗದು: ಸಕ್ಕರೆ ಹಿಡಿದ ಬಿ ಕೋಶದ ಹೊಟ್ಟೆಗೆ ಪ್ರೋಟೀನ್ ಹೋಗುವುದೇ ಇಲ್ಲ. ಟಿ ಕೋಶದ ಒಪ್ಪಿಗೆ ಎಷ್ಟು ಮುಖ್ಯ ನೋಡು: ಹುಟ್ಟಿನಿಂದಲೇ ಸಿಡಿ40 ಲಿಗ್ಯಾಂಡ್ ಕೆಟ್ಟಿದ್ದವರಲ್ಲಿ ಐಜಿಎಂ ಎಂಬ ಬಗೆಯ ಪ್ರತಿಕಾಯ ಇರುತ್ತದೆ, ಐಜಿಜಿ ಮತ್ತು ಐಜಿಎ ಎಂಬ ಬಗೆಗಳು ತೀರಾ ಕಡಿಮೆ. ಸೋಂಕು ಮತ್ತೆ ಮತ್ತೆ ಬರುತ್ತದೆ.

ಎಚ್‌ಐವಿ ಒಳನುಗ್ಗುವುದು ಈ ಸಹಾಯಕ ಟಿ ಕೋಶದ ಮೈಮೇಲಿನ ಸಿಡಿ4 ಎಂಬ ಪ್ರೋಟೀನ್ ಹಿಡಿದೇ. ಆರೋಗ್ಯವಂತ ವಯಸ್ಕರಲ್ಲಿ ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 500ರಿಂದ 1500 ಸಿಡಿ4 ಕೋಶಗಳಿರುತ್ತವೆ. 200ಕ್ಕಿಂತ ಇಳಿದರೆ ನ್ಯುಮೋಸಿಸ್ಟಿಸ್ ನ್ಯುಮೋನಿಯಾದ ಭಯ, ಅದನ್ನು ತಡೆಯಲು ಮುಂಚಿತವಾಗಿ ಕೋಟ್ರೈಮಾಕ್ಸಜೋಲ್ ಎಂಬ ಔಷಧಿ ಕೊಡುತ್ತಾರೆ. ಆದರೆ ಒಂದೇ ರಿಪೋರ್ಟ್ ನಂಬಬೇಡ. ಬೆಳಗ್ಗೆಗೂ ಸಂಜೆಗೂ ಎಣಿಕೆ ಬದಲಾಗುತ್ತದೆ, ಬೇರೆ ಸೋಂಕು ಅಥವಾ ಸ್ಟೀರಾಯ್ಡ್ ಇದ್ದರೂ ಇಳಿಯುತ್ತದೆ. ಪ್ರತಿ ಸಲ ಅದೇ ಹೊತ್ತಿಗೆ ರಕ್ತ ತೆಗೆಸಿ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಸಿಡಿ4 ಕೋಶಗಳ ಶೇಕಡಾವಾರು ಅಂಕಿಯನ್ನೂ ಜೊತೆಗಿಟ್ಟು ನೋಡಬೇಕು.

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅಣ್ಣ